ಹೊಳೆಯಲ್ಲಿ ಸಿಕ್ಕ ಸೀಸ ಯಾವ ಕಾರ್ಖಾನೆಯದ್ದು ಅಂತ ಪರೀಕ್ಷೆಯಿಂದ ಹೇಳಬಹುದಾ?

ಒಂದೇ ಹೊಳೆಯ ದಂಡೆಯಲ್ಲಿ ಮೂರು ಕಾರ್ಖಾನೆ, ನೀರಿನಲ್ಲಿ ಸೀಸ, ಮೂವರೂ ‘ನಮ್ಮದಲ್ಲ’ ಅನ್ನುತ್ತಿದ್ದಾರೆ. ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸಿದರೆ ಯಾರದ್ದೆಂದು ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ನಾನು ನೀರು, ಮಣ್ಣು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ. ಒಂದು ಬಾಟಲಿಯಿಂದ ಆಗುವುದಿಲ್ಲ. ಏಳೆಂಟು ಸ್ಯಾಂಪಲ್ ಇದ್ದರೆ ಎಷ್ಟೋ ಸಲ ಆಗುತ್ತದೆ. ಆದರೆ ಮೊದಲು ಗೊತ್ತಾಗುವುದು ಯಾರದ್ದು ಅಂತಲ್ಲ, ಯಾರದ್ದಲ್ಲ ಅಂತ.

‘ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಸೀಸ’ ಎಂಬ ವರದಿ ಮೂಲದ ಬಗ್ಗೆ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದು ಅನುಪಾತ. ಸೀಸದಲ್ಲಿ 204, 206, 207, 208 ಎಂದು ನಾಲ್ಕು ಸ್ಥಿರ ಐಸೋಟೋಪುಗಳಿವೆ, ಅಂದರೆ ತೂಕ ಮಾತ್ರ ಬೇರೆ ಬೇರೆಯಾದ, ತಾವಾಗಿ ಕ್ಷಯಿಸದ ಸೀಸದ ಪರಮಾಣುಗಳು. ಯುರೇನಿಯಂ ಕ್ಷಯಿಸಿ 206 ಮತ್ತು 207 ಹುಟ್ಟುತ್ತವೆ, ಥೋರಿಯಂನಿಂದ 208. 204 ಮಾತ್ರ ಭೂಮಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ. ಹಾಗಾಗಿ ಅದಿರಿನ ವಯಸ್ಸಿನ ಮೇಲೆ ಇವುಗಳ ಪಾಲು ಬೇರೆ ಬೇರೆ. ಕುಲುಮೆಯಲ್ಲಿ ಕರಗಿಸಿದರೂ, ಬ್ಯಾಟರಿ ಮಾಡಿದರೂ ಆ ಅನುಪಾತ ಬದಲಾಗುವುದಿಲ್ಲವೆಂದೇ ಹೇಳಬಹುದು.

ಇದನ್ನು ಇಡೀ ಊರಿನ ಮೇಲೆ ಪ್ರಯೋಗಿಸಿ ನೋಡಿದ್ದೂ ಉಂಟು. 1970ರ ದಶಕದ ಕೊನೆಯಲ್ಲಿ ಇಟಲಿಯ ಟ್ಯೂರಿನ್ ಸುತ್ತಮುತ್ತ ಮಾರುವ ಪೆಟ್ರೋಲಿಗೆ ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಸೀಸ ಬೆರೆಸಿದರು. ಅದರ 206/207 ಅನುಪಾತ ಸುಮಾರು 1.04, ಅಲ್ಲಿದ್ದ ಉಳಿದ ಸೀಸಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಆಮೇಲೆ ಜನರ ರಕ್ತ ನೋಡಿದರೆ, ಅದರಲ್ಲಿದ್ದ ಸೀಸದ ಹೆಚ್ಚುಕಮ್ಮಿ ಕಾಲುಭಾಗ ಪೆಟ್ರೋಲಿನಿಂದ ಬಂದಿತ್ತು.

ನಿಮ್ಮ ಹೊಳೆಗೆ ಬರೋಣ. ಕಾರ್ಖಾನೆಗಳಿಗಿಂತ ಮೇಲ್ಗಡೆಯ ಕೆಸರಿನಲ್ಲಿ ಅನುಪಾತ 1.20, ಒಂದು ಕಾರ್ಖಾನೆಯ ಚರಂಡಿಯಲ್ಲಿ 1.05, ಕೆಳಗಡೆ 1.15 ಬಂತು ಅನ್ನಿ. 1.20ರಿಂದ 1.05ಕ್ಕೆ ಇರುವ ದೂರದಲ್ಲಿ ಮೂರನೇ ಒಂದು ಪಾಲು ಜಾರಿದೆ. ಅಂದರೆ ಕೆಳಗಿನ ಸೀಸದಲ್ಲಿ ಸುಮಾರು ಮೂರನೇ ಒಂದು ಭಾಗ ಆ ಚರಂಡಿಯದ್ದು. ಮೂಲಗಳು ಎರಡೇ ಇದ್ದಾಗ ಮಾತ್ರ ಈ ಲೆಕ್ಕ ಸಲೀಸು. ಮೂರನೆಯದು ಸೇರಿದರೆ ಒಂದು ಅನುಪಾತ ಸಾಲದು. ಮೂವರೂ ಒಂದೇ ಕಡೆಯಿಂದ ಸೀಸ ಕೊಳ್ಳುತ್ತಿದ್ದರಂತೂ ಐಸೋಟೋಪಿನ ಆಟವೇ ಮುಗಿಯಿತು.

ಆಗ ಸೀಸದ ಜೊತೆಗಾರರನ್ನು ಹುಡುಕಬೇಕು. ಬ್ಯಾಟರಿ ಕೆಲಸವಾದರೆ ಜೊತೆಗೆ ಆಂಟಿಮನಿ, ಸಲ್ಫೇಟ್ ಇರುತ್ತವೆ. ಹಳದಿ ಬಣ್ಣದ ಪುಡಿ ಮಾಡುವವರಾದರೆ ಕ್ರೋಮಿಯಂ, ಯಾಕೆಂದರೆ ಆ ಪುಡಿ ಲೆಡ್ ಕ್ರೋಮೇಟ್. ಬೆಸುಗೆಯದ್ದಾದರೆ ತವರ. ಒಂದು ತೊಡಕಿದೆ: ಇವು ಕೈಕೈ ಹಿಡಿದು ಹರಿಯುವುದಿಲ್ಲ. ಸೀಸ ಬೇಗ ಕೆಸರಿಗೆ ಅಂಟಿಕೊಳ್ಳುತ್ತದೆ, ಕರಗಿದ ಕ್ರೋಮೇಟ್ ನೀರಿನ ಜೊತೆ ದೂರ ಹೋಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ನೀರಿಗಿಂತ ಕೆಸರೇ ನಂಬಿಕಸ್ಥ ಸಾಕ್ಷಿ. ರಾತ್ರಿ ಕದ್ದು ಬಿಟ್ಟ ನೀರು ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ, ಕೆಸರು ಅಲ್ಲೇ ಇರುತ್ತದೆ.

ಕೆಲವೊಮ್ಮೆ ಅದೃಷ್ಟ ಕೈಹಿಡಿಯುತ್ತದೆ. ಜರ್ಮನಿಯ ವರ್ಮ್ಸ್ ಬಳಿ ರೈನ್ ನದಿಯಲ್ಲಿ ಲ್ಯಾಂಥನಮ್ ಎಂಬ ಲೋಹ ಅಸಹಜವಾಗಿ ಏರಿದ್ದು ಕಂಡಾಗ, ಅದು ತೈಲ ಶುದ್ಧೀಕರಣಕ್ಕೆ ಬೇಕಾದ ವೇಗವರ್ಧಕ ತಯಾರಿಸುವ ಘಟಕದ ತ್ಯಾಜ್ಯನೀರಿನಿಂದ ಬಂದದ್ದೆಂದು ಪತ್ತೆಯಾಯಿತು. ಅಷ್ಟು ಲ್ಯಾಂಥನಮ್ ಹೊರಬಿಡುವವರು ಊರ ತುಂಬ ಇರುವುದಿಲ್ಲವಲ್ಲ.

ನೀರು ನೆಲದಡಿ ಎತ್ತ ಹೋಗುತ್ತದೆ ಎಂಬುದೇ ತಕರಾರಾದರೆ ನಾವೇ ಗುರುತು ಬಿಡಬಹುದು. 1877ರಲ್ಲಿ ಡ್ಯಾನ್ಯೂಬ್ ನದಿ ಸುಣ್ಣಕಲ್ಲಿನ ಬಿರುಕಿನಲ್ಲಿ ಇಂಗುವ ಕಡೆ 10 ಕೆಜಿ ಫ್ಲೋರೆಸೀನ್ ಬಣ್ಣ ಸುರಿದರು. ಸುಮಾರು 60 ಗಂಟೆಯ ನಂತರ 12 ಕಿ.ಮೀ. ದೂರದ ಆಖ್ ಚಿಲುಮೆಯಲ್ಲಿ ಹಸಿರು ನೀರು ಉಕ್ಕಿತು. ಈಗಲೂ ಸೋರುವ ಕೊಳವೆ ಹುಡುಕಲು ಇದೇ ಉಪಾಯ.

‘ಯಾರದ್ದಲ್ಲ’ ಅಂದೆನಲ್ಲ, ಅದಕ್ಕೆ ನನಗೆ ಮೆಚ್ಚಿನ ಉದಾಹರಣೆ ಅಲಾಸ್ಕಾದ್ದು. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ತೈಲ ಚೆಲ್ಲಿದ ಮೇಲೆ ದಡದಲ್ಲಿ ಸಿಕ್ಕ ಟಾರಿನ ಉಂಡೆಗಳೆಲ್ಲ ಆ ಹಡಗಿನವೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಕಾರ್ಬನ್ ಐಸೋಟೋಪ್ ಅಳೆದು ನೋಡಿದರೆ ಬಹಳಷ್ಟು ಉಂಡೆಗಳು ಕ್ಯಾಲಿಫೋರ್ನಿಯಾದ ತೈಲದವು. 1964ರ ಭೂಕಂಪದಲ್ಲಿ ದಡದ ಟ್ಯಾಂಕುಗಳು ಒಡೆದಾಗ ಸಮುದ್ರ ಸೇರಿದ್ದಿರಬೇಕು ಎಂಬುದು ವಿಜ್ಞಾನಿಗಳ ತೀರ್ಮಾನ.

ಹಾಗಾಗಿ ಸ್ಯಾಂಪಲ್ ಹಿಡಿಯುವಾಗ ಮೇಲ್ಗಡೆಯದ್ದು, ಕೆಳಗಡೆಯದ್ದು, ಮೂರೂ ಚರಂಡಿಗಳದ್ದು, ಎಲ್ಲವೂ ಒಂದೇ ದಿನದ್ದಿರಲಿ. ನೀರೂ ಇರಲಿ, ಕೆಸರೂ ಇರಲಿ. ಯಾವ ಚರಂಡಿ ತಪ್ಪಿಸಿದರೂ ಅವರ ಕಡೆಯ ವಕೀಲರು ಮೊದಲು ಹಿಡಿಯುವುದು ಅದನ್ನೇ. ಲ್ಯಾಬಿನವರು ಕೊಟ್ಟ ಬಾಟಲಿಯನ್ನೇ ಬಳಸಿ. ಜೊತೆಗೆ ಒಂದು ಬಾಟಲಿಗೆ ಅಲ್ಲೇ ಹೊಳೆ ದಂಡೆಯಲ್ಲಿ ನಿಂತು ಲ್ಯಾಬಿನ ಶುದ್ಧ ನೀರು ತುಂಬಿ, ಉಳಿದವುಗಳ ಜೊತೆಯೇ ಕಳಿಸಿ. ನಾನೊಮ್ಮೆ ಆರು ಸ್ಯಾಂಪಲ್‌ನಲ್ಲೂ ಸತು ಕಂಡು, ದೊಡ್ಡದೇನೋ ಸಿಕ್ಕಿತೆಂದು ವರದಿ ಬರೆಯಲು ಕೂತಿದ್ದೆ. ಶುದ್ಧ ನೀರಿನ ಬಾಟಲಿಯಲ್ಲೂ ಅಷ್ಟೇ ಸತು ಇತ್ತು. ಬಂದದ್ದು ನಾನು ಹಾಕಿಕೊಂಡಿದ್ದ ಪೌಡರ್ ಗ್ಲೌಸಿನಿಂದ.