ಬೈಬಲ್ ಪ್ರಶ್ನೆಗಳಿಗೆ ಉತ್ತರ ಹೇಳಿಕೊಂಡೇ 36 ವರ್ಷ

"ಜೀವನವಿಡೀ ಪಾದ್ರಿಯಾಗಿ ಬೈಬಲ್ ಪ್ರಶ್ನೆಗಳಿಗೆ ಉತ್ತರ ಹೇಳಿದವರು ಯಾರಾದರೂ ಇದ್ದೀರಾ, ಜನ ಏನು ಕೇಳುತ್ತಾರೆ, ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ" ಅಂತ ಕೇಳಿದ್ದೀರಿ. ನಾನಿದ್ದೇನೆ. ಮಂಡ್ಯದ ಕಡೆಯ ಹಳ್ಳಿ ಚರ್ಚುಗಳಲ್ಲಿ ಶುರು ಮಾಡಿ ಮೈಸೂರಿನಲ್ಲಿ ನಿವೃತ್ತನಾದೆ. ಈಗಲೂ ಸಂಜೆ ಫೋನ್ ಬಂದರೆ "ಅಯ್ಯನವರೇ, ಒಂದು ಡೌಟು" ಅಂತಲೇ ಶುರುವಾಗುತ್ತದೆ.

ಜಾಸ್ತಿ ಕೇಳುವ ಪ್ರಶ್ನೆ, ಮೊದಲ ಮನುಷ್ಯ ಆದಾಮನ ಮಗ ಕಾಯಿನನ ಹೆಂಡತಿ ಎಲ್ಲಿಂದ ಬಂದಳು ಅನ್ನೋದು. ಆದಿಕಾಂಡ 5:4ರಲ್ಲಿ ಆದಾಮನಿಗೆ ಬೇರೆ ಗಂಡು ಹೆಣ್ಣು ಮಕ್ಕಳೂ ಹುಟ್ಟಿದರು ಅಂತ ಇದೆ, ಅಷ್ಟೇ. ಇದನ್ನು ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಪಾದ್ರಿ ತಡವರಿಸುವುದನ್ನು ನೋಡಬೇಕು! ಆದಾಮ ತಿಂದದ್ದು ಸೇಬು ಅಂತ ಎಲ್ಲೂ ಇಲ್ಲ, ಬರೀ ಹಣ್ಣು. ಯೇಸುವನ್ನು ನೋಡಲು ಬಂದ ಜೋಯಿಸರು ಮೂವರು ಅಂತಲೂ ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆದಿಲ್ಲ, ತಂದ ಕಾಣಿಕೆ ಮೂರು ಬಗೆ, ಚಿನ್ನ ಧೂಪ ರಕ್ತಬೋಳ. ಒಂದು ಕ್ರಿಸ್‌ಮಸ್ ನಾಟಕಕ್ಕೆ ಐದು ಹುಡುಗರು ಜೋಯಿಸರಾಗಲು ಜಗಳ ಆಡಿದಾಗ ಐವರನ್ನೂ ವೇದಿಕೆ ಹತ್ತಿಸಿದೆ. ಹಿರಿಯರಿಂದ ಬೈಸಿಕೊಂಡೆ.

ಆದರೆ ನಮ್ಮ ಕಡೆಯ ನಿಜವಾದ ಪ್ರಶ್ನೆ ಬೇರೆ. ಪ್ರಸಾದ ತಿನ್ನಬಹುದಾ? ಆಯುಧಪೂಜೆ ದಿನ ಪಕ್ಕದ ಮನೆಯವರು ಪುರಿ, ಸಿಹಿ ತಂದುಕೊಡುತ್ತಾರೆ, ಗೌರಿ ಗಣೇಶಕ್ಕೆ ಕಡುಬು. ಮೈಸೂರಿನಲ್ಲಿ ಇದ್ದುಕೊಂಡು ಈ ಪ್ರಶ್ನೆ ತಪ್ಪಿಸಿಕೊಳ್ಳಲು ಆಗಲ್ಲ. ಕ್ರಿ.ಶ. 55ರ ಸುಮಾರಿಗೆ ಕೊರಿಂಥ ಊರಿನ ಕ್ರೈಸ್ತರೂ ತಮ್ಮ ಸಭೆ ಕಟ್ಟಿದ ಪೌಲನನ್ನು ಇದನ್ನೇ ಕೇಳಿದ್ದರು, ನಮ್ಮ ಕನ್ನಡ ಬೈಬಲ್ಲಿನಲ್ಲಿ ಅಲ್ಲಿ ನೈವೇದ್ಯ ಅನ್ನೋ ಮಾತೇ ಇದೆ. ಮಜಾ ಏನೆಂದರೆ ಪೌಲ ಅವರಿಗೆ ಬರೆದ ಒಂದೇ ಪತ್ರದಲ್ಲಿ, 1 ಕೊರಿಂಥದಲ್ಲಿ, ಎರಡೂ ಕಡೆಯವರಿಗೂ ವಾಕ್ಯ ಸಿಗುತ್ತದೆ. ತಿನ್ನುವವರು ಎಂಟನೇ ಅಧ್ಯಾಯ ತೋರಿಸುತ್ತಾರೆ, ವಿಗ್ರಹ ಏನೂ ಅಲ್ಲ, ಊಟ ನಮ್ಮನ್ನು ದೇವರ ಹತ್ತಿರ ಸೇರಿಸುವುದಿಲ್ಲ ಅಂತ. ತಿನ್ನದವರು ಹತ್ತನೇ ಅಧ್ಯಾಯ ಬಿಚ್ಚುತ್ತಾರೆ, ಕರ್ತನ ಪಂಕ್ತಿಯಲ್ಲಿ ಕೂತವರು ಇನ್ನೊಂದು ಪಂಕ್ತಿಯಲ್ಲಿ ಕೂರಬೇಡಿ ಅಂತ. ಆದರೆ ನಿಮ್ಮಿಂದ ಇನ್ನೊಬ್ಬನ ಮನಸ್ಸಾಕ್ಷಿಗೆ ಪೆಟ್ಟು ಬೀಳಬಾರದು ಅನ್ನೋ ಮಾತು ಎರಡರಲ್ಲೂ ಇದೆ, ಅದನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ.

ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಇದನ್ನೇ ಕೇಳಿದಳು. ನಾನು ಎಂಟು, ಹತ್ತು ಎರಡನ್ನೂ ಓದಿ ದೊಡ್ಡದಾಗಿ ವಿವರಿಸಿದೆ. ಕೊನೆಗೆ ಮೆಲ್ಲಗೆ ಹೇಳಿದಳು, "ಅದಲ್ಲ ಅಯ್ಯನವರೇ, ನಮ್ಮತ್ತೆ ಆ ಪುರಿನ ಮೋರಿಗೆ ಚೆಲ್ಲಿದ್ರು, ಪಕ್ಕದ ಮನೆ ಮಗು ನೋಡ್ಬಿಡ್ತು." ಅವತ್ತು ನಾನು ಪೌಲನನ್ನು ಮುಚ್ಚಿಟ್ಟು, ನಾಳೆ ಆ ಮನೆಗೆ ಏನಾದರೂ ಸಿಹಿ ತೆಗೆದುಕೊಂಡು ಹೋಗಮ್ಮ ಅಂದೆ. ತಿನ್ನಬೇಕಾ ಬೇಡವಾ ಅನ್ನೋದು ನಿನ್ನ ಮನಸ್ಸಾಕ್ಷಿಗೆ ಬಿಟ್ಟದ್ದು, ಕೊಟ್ಟದ್ದನ್ನು ಮಾತ್ರ ಕೈ ಚಾಚಿ ತಗೋ ಅಂತಲೂ ಹೇಳಿದೆ. ಇದನ್ನು ಒಪ್ಪದ ಪಾದ್ರಿಗಳು ಬೇಕಾದಷ್ಟು ಜನ ಇದ್ದಾರೆ, ಇರಲಿ.

ಅಲ್ಲಿಂದ ಮೊದಲು "ಯಾಕಪ್ಪಾ ಕೇಳ್ತಿದೀಯಾ" ಅಂತ ಕೇಳುವುದು ರೂಢಿ ಆಯಿತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ ಬಗ್ಗೆ ಕೇಳಿದ ಒಬ್ಬರು ಸಕ್ಕರೆ ಕಾರ್ಖಾನೆಯಲ್ಲಿ ಇದ್ದವರು, ಕಬ್ಬು ಅರೆಯುವ ಕಾಲದಲ್ಲಿ ಭಾನುವಾರವೂ ಡ್ಯೂಟಿ. ಸಬ್ಬತ್ತು ಮನುಷ್ಯನಿಗಾಗಿ ಅಂತ ಮಾರ್ಕ 2:27 ಇದೆಯಲ್ವಾ, ಅದನ್ನೇ ಹೇಳಿ, ರಾತ್ರಿ ಅವರ ಮನೆಯಲ್ಲೇ ಪ್ರಾರ್ಥನೆ ಇಟ್ಟುಕೊಂಡೆವು.

ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ ಅಂದಿರಿ. ಮೊದಲ ವರ್ಷಗಳಲ್ಲಿ ಗೊತ್ತಿಲ್ಲ ಅಂತ ಹೇಳುತ್ತಲೇ ಇರಲಿಲ್ಲ. ಹಳ್ಳಿಯಲ್ಲಿ ಒಬ್ಬ ತಾಯಿಯ ಮಗು ತೀರಿಕೊಂಡಿತ್ತು. "ನಾನ್ ಮಾಡಿದ ಪಾಪಕ್ಕಾ ಅಯ್ನೋರೇ?" ಅಂದಳು. ಅರ್ಧ ಗಂಟೆ ವಾಕ್ಯದ ಮೇಲೆ ವಾಕ್ಯ ಹೇಳಿದೆ. ಆಕೆ ಹೂಂ ಹೂಂ ಅಂತ ಕೇಳಿ, ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟಳು. ಆ ಲೋಟ ಈಗಲೂ ಕಣ್ಣ ಮುಂದೆ ಇದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದೇ, ಯಾರ ಪಾಪ, ಇವನದಾ, ತಂದೆತಾಯಿಯದಾ? ಯಾರದೂ ಅಲ್ಲ ಅಂದ ಯೇಸು, ಯೋಹಾನ 9ರಲ್ಲಿ ಇದೆ. "ಅಲ್ಲಮ್ಮಾ" ಅನ್ನೋ ಒಂದು ಮಾತು ಸಾಕಿತ್ತು. ಬೈಬಲ್ಲಿನಲ್ಲಿ ಮಕ್ಕಳನ್ನೆಲ್ಲಾ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ನೆ ಪಕ್ಕದಲ್ಲಿ ಕೂತಿದ್ದರು, ಕೆಟ್ಟದ್ದು ಬಾಯಿ ತೆರೆದ ಮೇಲೆ. ನಾನು ಏಳು ನಿಮಿಷವೂ ಕೂರಲಿಲ್ಲ.

ಈಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಓದಿ ತಿಳಿಯುವಂಥದ್ದಾದರೆ ಮುಂದಿನ ಭಾನುವಾರ ಬನ್ನಿ ಅಂತ ಹೇಳಿ ರಾತ್ರಿ ಪುಸ್ತಕ ತೆಗೆಯುತ್ತೇನೆ.

ನೀವು ಯಾಕೆ ಕೇಳುತ್ತಿದ್ದೀರಿ ಅಂತ ಮಾತ್ರ ಬರೆದಿಲ್ಲ. ದೇವಶಾಸ್ತ್ರ ಓದುವ ಯೋಚನೆ ಇದ್ದರೆ ತಿಳಿಸಿ, ನನ್ನ ಹಳೇ ಗ್ರೀಕ್ ವ್ಯಾಕರಣದ ಪುಸ್ತಕ ಅಟ್ಟದ ಮೇಲೆ ಧೂಳು ಹಿಡಿಯುತ್ತಾ ಇದೆ.