ನೀರಿಗಿಳಿದ ಕೂಡಲೇ ಕಾರ್ಟ್ ಮಾತು ಕೇಳಲ್ಲ, ಯಾಕೆ?

ಪ್ರಶ್ನೆ: ನಮ್ಮ ಮನೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಹತ್ತಿರ. ತಮ್ಮನ ಜೊತೆ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಎಂಬ ಪುಟ್ಟ ರೇಸ್ ಗಾಡಿಗಳ (ಕಾರ್ಟ್) ವಿಡಿಯೊ ಗೇಮ್ ಆಡುತ್ತೇನೆ. ಸ್ಪೀಡ್ ಜಾಸ್ತಿ ಇರೋ ಗಾಡಿನೇ ಆರಿಸುತ್ತೇನೆ, ಆದರೂ ನೀರೊಳಗೆ ಹಿಂದೆ ಬೀಳುತ್ತೇನೆ. ನಿಜವಾದ ಕಾರು ಹೀಗೆ ನೀರೊಳಗೆ ಓಡುತ್ತಾ?

ಉತ್ತರ: ಎದೆಮಟ್ಟದ ನೀರಿನಲ್ಲಿ ಓಡಲು ಹೋದರೆ ಏನಾಗುತ್ತದೆ, ನೆನಪು ಮಾಡಿಕೊಳ್ಳಿ. ಪಾದ ನೆಲ ಬಿಟ್ಟು ಮೇಲೇಳುತ್ತದೆ, ಎದೆಗೆ ನೀರು ಒತ್ತುತ್ತದೆ. ಒಂದು ಕಡೆ ಮೈ ಹಗುರ, ಇನ್ನೊಂದು ಕಡೆ ತಡೆ. ಈ ಗೇಮ್ ರೂಪಿಸಿದವರು ಹಗುರವನ್ನು ಇಟ್ಟುಕೊಂಡು ತಡೆಯನ್ನು ಬಹುಪಾಲು ಬಿಟ್ಟಿದ್ದಾರೆ. ಅದಕ್ಕೇ ನೀರೊಳಗೆ ಹಾರಿದ ಕಾರ್ಟ್ ನಿಧಾನವಾಗಿ ಇಳಿಯುತ್ತದೆ, ಆದರೆ ಓಟ ಅಷ್ಟಾಗಿ ಕುಗ್ಗುವುದಿಲ್ಲ.

ನಿಜದಲ್ಲಿ ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ತಡೆಯೊಂದನ್ನೇ ಲೆಕ್ಕ ಹಿಡಿದರೂ, ಗಂಟೆಗೆ 100 ಕಿ.ಮೀ. ಓಡುವ ಕಾರು ಅದೇ ಶಕ್ತಿಯಲ್ಲಿ ನೀರೊಳಗೆ 11 ಕಿ.ಮೀ. ದಾಟುವುದಿಲ್ಲ. ಪೆಟ್ರೋಲ್ ಎಂಜಿನ್‌ಗಂತೂ ಉಸಿರಾಡಲು ಗಾಳಿಯೇ ಸಿಗಲ್ಲ. 2008ರಲ್ಲಿ ಸ್ವಿಟ್ಜರ್ಲೆಂಡಿನ ರಿನ್‌ಸ್ಪೀಡ್ ಕಂಪನಿ ‘ಸ್ಕ್ಯೂಬಾ’ ಎಂಬ ಎಲೆಕ್ಟ್ರಿಕ್ ಕಾರು ತೋರಿಸಿತು. ಅದು 10 ಮೀಟರ್ ಆಳಕ್ಕೆ ಮುಳುಗಿ ಓಡಬಲ್ಲದು. ನೆಲದ ಮೇಲೆ 120 ಕಿ.ಮೀ. ವೇಗ, ನೀರೊಳಗೆ ಬರೀ 3! ನಾವು ನಡೆಯೋದೇ ಅದಕ್ಕಿಂತ ಜೋರು.

ಹಗುರ ಆಗೋದು ಮಾತ್ರ ಪೂರ್ತಿ ನಿಜ. ಟೈರಿನ ಮೇಲೆ ಭಾರ ಕಡಿಮೆಯಾದಂತೆ ಹಿಡಿತವೂ ಹೋಗುತ್ತದೆ. ಕೆರೆ ಕೋಡಿ ಬಿದ್ದಾಗ ರಸ್ತೆಯಲ್ಲಿ ಬೈಕ್ ಕೊಚ್ಚಿಹೋಗುವುದು ಇದರಿಂದಲೇ. ಅಲ್ಲಿ ದಯವಿಟ್ಟು ಗಾಡಿ ಇಳಿಸಬೇಡಿ.

ಈಗ ನಿಮ್ಮ ಸೋಲಿಗೆ ಬರೋಣ. ಈ ಸರಣಿಯಲ್ಲಿ ಮೊದಲೆಲ್ಲ ಆಳದ ನೀರಿಗೆ ಬಿದ್ದರೆ ಎತ್ತಿ ಮೇಲೆ ಬಿಡುತ್ತಿದ್ದರು. ಪ್ರೊಪೆಲ್ಲರ್ ತಿರುಗಿಸುತ್ತಾ ನೀರೊಳಗೆ ಓಡೋದು ಶುರುವಾಗಿದ್ದು 2011ರ ‘ಮಾರಿಯೊ ಕಾರ್ಟ್ 7’ರಲ್ಲಿ. ನೀವು ಆಡುವ 8ರಲ್ಲಿ ನೆಲ, ನೀರು, ಗಾಳಿ, ಆಂಟಿ-ಗ್ರಾವಿಟಿ (ಗೋಡೆ, ಚಾವಣಿಗೆ ಅಂಟಿಕೊಂಡು ಓಡೋದು) ನಾಲ್ಕಕ್ಕೂ ಸ್ಪೀಡ್ ಬೇರೆ, ಹ್ಯಾಂಡ್ಲಿಂಗ್ (ಗಾಡಿ ತಿರುಗುವ ಪರಿ) ಬೇರೆ. ಗಾಡಿ ಆರಿಸುವಾಗ ಕಾಣುವ ಸ್ಪೀಡ್ ಪಟ್ಟಿ ನೆಲದ್ದು ಮಾತ್ರ. ನೀರಿನ ಅಂಕಿ ಮರೆಯಲ್ಲಿರುತ್ತದೆ. ಇದನ್ನು ತೆರೆದು ತೋರಿಸಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ. ಹೊಸಬರು ಸುಮ್ನೆ ಕೈಚಳಕ ಸಾಲದು ಅಂದುಕೊಳ್ಳುತ್ತಾರೆ.

ಆ ಮರೆಯ ಅಂಕಿಯನ್ನು ಅಂದಾಜಿಸಲು, ಒಬ್ಬರೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್‌ನಲ್ಲಿ ‘ಡಾಲ್ಫಿನ್ ಶೋಲ್ಸ್’ ಆರಿಸಿ. ಆ ಟ್ರ್ಯಾಕ್ ಬಹುಪಾಲು ನೀರೊಳಗೇ ಇದೆ. ಟೈರ್ ಮಾತ್ರ ಬದಲಿಸುತ್ತಾ ಒಂದೊಂದಕ್ಕೂ ಮೂರು ಸಲ ಓಡಿಸಿ, ಸಮಯ ಬರೆದಿಡಿ. ತಿರುವಿಗೆ ಡ್ರಿಫ್ಟನ್ನು (ಗಾಡಿಯನ್ನು ಪಕ್ಕಕ್ಕೆ ಜಾರಿಸುತ್ತಾ ತಿರುಗಿಸೋದು) ನೆಲದ ಮೇಲಿಗಿಂತ ಒಂಚೂರು ಮೊದಲೇ ಹಿಡಿಯಿರಿ.