ಮಾರುತಿ 800ರಲ್ಲಿ ನೀಲಿ ಹೊಗೆ: ಇಂಜಿನ್ ಪೂರ್ತಿ ಮಾಡಿಸಬೇಕಾ?

ನಿಮ್ಮ ಗಾಡಿ ನೀಲಿ ಹೊಗೆ ಬಿಡುತ್ತಿದೆ, ಮೆಕ್ಯಾನಿಕ್ 'ಫುಲ್ ಇಂಜಿನ್' ಅಂದರೆ ಇಂಜಿನ್ ಪೂರ್ತಿ ಬಿಚ್ಚಿ ಮಾಡಿಸಬೇಕು ಅನ್ನುತ್ತಿದ್ದಾರೆ, ಬೇಕಾ ಅಂತ ಕೇಳಿದ್ದೀರಿ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಅಂತ. ಪಿಸ್ಟನ್ ಸುತ್ತ ಇರುವ ರಿಂಗ್‌ಗಿಂತ, ವಾಲ್ವ್ ಕಾಂಡದ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಸೀಲ್ ಹೋಗಿರುವ ಸಾಧ್ಯತೆಯೇ ಜಾಸ್ತಿ. ಚಾರ್ಮಾಡಿ ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದ ತಕ್ಷಣ ನೀಲಿ ಹೊಗೆ, ಆಮೇಲೆ ಕಮ್ಮಿ ಅಂದಿದ್ದೀರಲ್ವಾ, ಅದೇ ಸುಳಿವು. ಗೇರ್‌ನಲ್ಲೇ ಘಾಟಿ ಇಳಿಯುವಾಗ ಇಂಜಿನ್ ಒಳಗೆ ಎಳೆತ ಹೆಚ್ಚಾಗಿ, ಗಟ್ಟಿಯಾದ ಸೀಲ್ ದಾಟಿ ಆಯಿಲ್ ಒಳಗಿಳಿಯುತ್ತದೆ. ರಿಂಗ್ ಸವೆದಿದ್ದರೆ ಅದೇ ಘಾಟಿಯನ್ನು ಕೊಟ್ಟಿಗೆಹಾರದ ಕಡೆ ಹತ್ತುವಾಗಲೂ ಹೊಗೆ ಬಿಡಬೇಕಿತ್ತು. ಆದರೂ ಗಾಡಿ ನೋಡದೆ ಖಾತ್ರಿ ಹೇಳಲಾರೆ.

ಹಾಗಾಗಿ ಮೆಕ್ಯಾನಿಕ್‌ಗೆ 'ಫುಲ್ ಇಂಜಿನ್' ಅಡ್ವಾನ್ಸ್ ಕೊಡುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಪ್ರತಿ ಸಿಲಿಂಡರಿನ ಒತ್ತಡವನ್ನು ಗೇಜ್ ಇಟ್ಟು ಅಳೆಯಿಸಿ. ಇಂಜಿನ್ ಬಿಸಿ ಇರಲಿ, ಮೂರೂ ಪ್ಲಗ್ ತೆಗೆದಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಒತ್ತಡ ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲೆ ಕೂರುವ ಹೆಡ್ ಕೆಳಗಿನ ತೆಳು ಹಾಳೆ) ಹೋಗಿದೆ. ಮೂರೂ ಸಿಲಿಂಡರಿನ ಒತ್ತಡ ಸರಿಯಿದ್ದರೆ ಮೊದಲು ಸೀಲ್ ಮಾತ್ರ ಹಾಕಿಸಿ, ಸುಮ್ನೆ ಬ್ಲಾಕ್ (ಸಿಲಿಂಡರುಗಳಿರುವ ಇಂಜಿನ್ನಿನ ಮುಖ್ಯ ಭಾಗ) ಮುಟ್ಟಬೇಡಿ.

ಬ್ಲಾಕ್ ಬಿಚ್ಚಲೇಬೇಕಾಗಿ ಬಂದರೆ ಬೋರಿನ ಮೇಲಂಚಿನಲ್ಲಿ ಉಗುರು ಆಡಿಸಿ. ತಡೆದು ನಿಂತರೆ ಸವೆದಿದೆ ಅಂತ. ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಬೋರಿಂಗ್ (ಸವೆದ ಬೋರನ್ನು ಕೊರೆದು ಸ್ವಲ್ಪ ಅಗಲ ಮಾಡುವುದು) ಮಾಡುವವರ ಹತ್ತಿರ ಮೊದಲು ಅಳತೆ ಮಾಡಿಸಿ, ಆಮೇಲೆ ಅದಕ್ಕೆ ಕೂರುವ ಓವರ್‌ಸೈಜ್ (ಸ್ವಲ್ಪ ದೊಡ್ಡ ಅಳತೆಯ) ಪಿಸ್ಟನ್ ತಂದು ಕೊಡಿ. ಪಿಸ್ಟನ್ ಅಳೆದೇ ಬೋರ್ ಮಾಡಬೇಕು. ಅಳತೆಯಲ್ಲಿ ಬೋರ್ ಚೆನ್ನಾಗಿದೆ ಅಂದರೆ ಹೋನಿಂಗ್ (ಬೋರಿನ ಒಳಮೈಯನ್ನು ಕಲ್ಲಿನಿಂದ ಹದವಾಗಿ ಉಜ್ಜುವುದು) ಮತ್ತು ಹೊಸ ರಿಂಗ್ ಸಾಕು.

ಬಿಚ್ಚಿ ತೊಳೆಯುವ ಕೆಲಸ ನೀವೇ ಮಾಡಿದರೆ ಕೂಲಿ ಉಳಿಯುತ್ತದೆ. ಬೇರಿಂಗ್, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್‌ನಲ್ಲಿ ಮಾತ್ರ ಉಳಿತಾಯ ಬೇಡ. ಗುಜರಿ ಮಾಲಂತೂ ಬೇಡವೇ ಬೇಡ.